ಲಿನಕ್ಸ್ ಮೊಬೈಲು ಸಾಧನಗಳಲ್ಲಿ ಸ್ವಾಮ್ಯದ ಅಂತರಜಾಲ ಕರೆ ತಂತ್ರಾಂಶ

ಲಿನಕ್ಸ್ ಕರ್ನೆಲನ್ನು ಅಡಿಪಾಯವಾಗಿ ಉಳ್ಳ ಮೊಬೈಲು ಫೋನು, ಅಂಗೈಗಣಕ ಮೊದಲಾದ ಸಾಧನಗಳಲ್ಲಿ, ಒಡೆತನದ ಕಂಪನಿಯು ತನ್ನ ಆಕರ ಸಂಕೇತವನ್ನು ಬಹಿರಂಗಪಡಿಸದೆ ವಿತರಿಸುವ ವಾಟ್ಸಾಪ್, 2025ರಲ್ಲಿ ನಿಂತುಹೋದ ಸ್ಕೈಪ್ ಮುಂತಾದ ಕರೆ ತಂತ್ರಾಂಶಗಳನ್ನು ನೆಲೆಗೊಳಿಸುವ ಕಾರ್ಯ. ಆಂಡ್ರಾಯ್ಡ್ ಕೂಡ ಲಿನಕ್ಸ್ ಕರ್ನೆಲಿನ ಮೇಲೆಯೇ ನಿಂತಿದೆಯಾದರೂ ಕರೆ ತಂತ್ರಾಂಶಗಳ ಒಡೆಯರಲ್ಲಿ ಹೆಚ್ಚಿನವರು ಅದಕ್ಕೆ ಪ್ರಾಶಸ್ತ್ಯವನ್ನು ಕೊಡುವುದರಿಂದ ಅಲ್ಲಿ ತಂತ್ರಾಂಶ ದೊರೆಯದಿರುವ ಸಮಸ್ಯೆ ಸಾಮಾನ್ಯವಾಗಿ ಹುಟ್ಟದು. ಮಾಯ್ಮೋ, ಸೈಲ್‌ಫಿಶ್, ಕೈಓಎಸ್, ಉಬುಂಟು ಟಚ್ ಮೊದಲಾದ ಇತರ ಲಿನಕ್ಸ್ ವ್ಯವಸ್ಥೆಗಳೇ ಇಲ್ಲಿ ವಿಚಾರಣೀಯವಾದವು. ಮೇಲ್ನೋಟಕ್ಕೆ ಇದು ಯಂತ್ರಜ್ಞರಿಗೆ ಮಾತ್ರ ಸಂಬಂಧಿಸಿದ ಅಲ್ಪವಿಷಯವೆಂದು ತೋರಬಹುದು. ಆದರೆ ದೂರದಲ್ಲಿರುವ ಬಂಧುಗಳು ಯಾವ ಜಾಲದಲ್ಲಿ ನೆರೆದಿರುವರೋ ಆ ಜಾಲದೊಳಕ್ಕೆ ಕೈಯಲ್ಲಿರುವ ಸಾಧನಕ್ಕೆ ಪ್ರವೇಶ ಉಂಟೋ ಇಲ್ಲವೋ ಎಂಬುದು ಇದರಿಂದಲೇ ನಿರ್ಣಯವಾಗುವುದರಿಂದ, ಇದು ಜನಸಾಮಾನ್ಯರ ನಿತ್ಯಜೀವನಕ್ಕೆ ಸೇರಿದ ಪ್ರಶ್ನೆಯೇ ಆಗಿದೆ.

ಸಮಸ್ಯೆಯ ಸ್ವರೂಪ

ಮುಕ್ತ ತಂತ್ರಾಂಶದ ಆಕರ ಸಂಕೇತವು ಬಿತ್ತನೆಯ ಜೋಳವಿದ್ದಂತೆ. ಬಲ್ಲವರು ಅದನ್ನು ತಮ್ಮ ಹೊಲದ ಗುಣಕ್ಕೆ ತಕ್ಕಂತೆ ಬಿತ್ತಿ ಬೆಳೆದುಕೊಳ್ಳಬಹುದು. ಸ್ವಾಮ್ಯದ ತಂತ್ರಾಂಶವಾದರೋ ಬೀಸಿದ ಹಿಟ್ಟಿನ ರೂಪದಲ್ಲಿ ಕೈಸೇರುತ್ತದೆ. ಅದರಿಂದ ರೊಟ್ಟಿ ಬಡಿಯಬಹುದೇ ಹೊರತು ಬಿತ್ತುವುದು ಸಾಧ್ಯವಿಲ್ಲ. ಆ ಸಿದ್ಧರೂಪವು ಮೂರು ವಿಧವಾದ ಕಟ್ಟುಗಳಿಗೆ ಒಳಪಟ್ಟಿರುತ್ತದೆ. ಮೊದಲನೆಯದು ಪ್ರೊಸೆಸರು: ಮೇಜುಗಣಕಗಳಲ್ಲಿ ಬಹುಕಾಲ ರೂಢವಾಗಿದ್ದ ಎಕ್ಸ್86 ವರ್ಗದ ಆಜ್ಞೆಗಳನ್ನು ಮೊಬೈಲುಗಳಲ್ಲಿ ಬಳಕೆಯಾಗುವ ಆರ್ಮ್ ವರ್ಗದ ಪ್ರೊಸೆಸರು ಅರಿಯದು. ಎರಡನೆಯದು ಲೈಬ್ರರಿಗಳು: ಸಾಮಾನ್ಯ ಲಿನಕ್ಸ್ ವ್ಯವಸ್ಥೆಗಳಲ್ಲಿರುವ ಜಿಲಿಬ್‌ಸಿ ಎಂಬ ಮೂಲಭೂತ ಲೈಬ್ರರಿಯ ಸ್ಥಾನದಲ್ಲಿ ಆಂಡ್ರಾಯ್ಡಿನಲ್ಲಿ ಬಯೋನಿಕ್ ಎಂಬುದಿರುವುದರಿಂದ, ಒಂದೇ ಕರ್ನೆಲು, ಒಂದೇ ಪ್ರೊಸೆಸರು ಇದ್ದಾಗಲೂ ಒಂದರ ತಂತ್ರಾಂಶ ಇನ್ನೊಂದರಲ್ಲಿ ನೇರವಾಗಿ ನಡೆಯದು. ಮೂರನೆಯದು ಸಂವಹನದ ಒಡಂಬಡಿಕೆ, ಅಂದರೆ ಪ್ರೊಟೊಕಾಲು: ಅದನ್ನು ಒಡೆಯರು ಗೋಪ್ಯವಾಗಿ ಇರಿಸಿದ ಪಕ್ಷದಲ್ಲಿ, ಅದೇ ಜಾಲದೊಡನೆ ಮಾತನಾಡುವ ಬೇರೊಂದು ತಂತ್ರಾಂಶವನ್ನು ಹೊರಗಿನವರು ರಚಿಸುವುದು ಬಹಳ ಕಷ್ಟ. ಮೊದಲ ಎರಡು ಕಟ್ಟುಗಳನ್ನು ಪರಿಶ್ರಮದಿಂದ ಸಡಿಲಿಸಬಹುದು. ಮೂರನೆಯದನ್ನು ಬಿಚ್ಚುವ ಅಧಿಕಾರ ಒಡೆಯರೊಬ್ಬರದೇ.

ಇತಿಹಾಸ

ಭಾರತದಲ್ಲಿ ಅಂತರಜಾಲ ದೂರವಾಣಿಗೆ ಕೆಲವು ನಿರ್ಬಂಧಗಳೊಡನೆ ಅನುಮತಿ ದೊರೆತದ್ದು 2002ರ ಏಪ್ರಿಲ್ 1ರಿಂದ. ಮರುವರ್ಷ ಆಗಸ್ಟ್ ತಿಂಗಳಲ್ಲಿ ಸ್ವೀಡನ್ನಿನ ನಿಕ್ಲಾಸ್ ಸೆನ್‌ಸ್ಟ್ರೋಮ್ ಮತ್ತು ಡೆನ್ಮಾರ್ಕಿನ ಯಾನುಸ್ ಫ್ರಿಸ್ ಎಂಬವರು, ಎಸ್ಟೋನಿಯದ ತಂತ್ರಾಂಶಕಾರರ ನೆರವಿನಿಂದ ಸ್ಕೈಪನ್ನು ಹೊರತಂದರು. 2004ರಲ್ಲಿ ಅದರ ಲಿನಕ್ಸ್ ಆವೃತ್ತಿಯೂ ಬಂದಿತಾದರೂ ಅದು ಎಕ್ಸ್86 ಗಣಕಗಳಿಗೆ ಮಾತ್ರ ಸಿದ್ಧವಾದುದು.

ಫಿನ್ಲೆಂಡಿನ ನೋಕಿಯಾ ಕಂಪನಿ 2005ರಲ್ಲಿ ಮಾಯ್ಮೋ ವ್ಯವಸ್ಥೆಯ 770 ಎಂಬ ಅಂತರಜಾಲ ಟ್ಯಾಬ್ಲೆಟ್ಟನ್ನು ಮಾರಾಟಕ್ಕೆ ತಂದಾಗ ಅದರಲ್ಲಿ ಲಿನಕ್ಸ್ ಇತ್ತು, ವೈಫೈ ಇತ್ತು, ಧ್ವನಿಗೆ ಬೇಕಾದ ಸಲಕರಣೆಯೂ ಇತ್ತು. ಆದರೆ ಆರ್ಮ್ ಪ್ರೊಸೆಸರಿನ ಆ ಯಂತ್ರಕ್ಕೆ ಸ್ಕೈಪು ಅಧಿಕೃತವಾಗಿ ಬರಲೇ ಇಲ್ಲ. 2007ರ ಜನವರಿಯಲ್ಲಿ ಅದರ ಉತ್ತರಾಧಿಕಾರಿಯಾದ ಎನ್800 ಬಂದಿತು. ಅದೇ ವರ್ಷದ ಜುಲೈ ತಿಂಗಳಲ್ಲಿ ಆ ಯಂತ್ರಕ್ಕೆಂದೇ ಸಿದ್ಧಪಡಿಸಿದ ಸ್ಕೈಪು ಒಡೆಯರ ಕಡೆಯಿಂದಲೇ ದೊರಕಿತು. 2009ರ ಎನ್900 ಫೋನಿನಲ್ಲಂತೂ ಸ್ಕೈಪು ವಿಳಾಸಪಟ್ಟಿಯೊಡನೆ ಬೆಸೆದುಕೊಂಡು, ಸಾಮಾನ್ಯ ದೂರವಾಣಿ ಕರೆಗೂ ಅಂತರಜಾಲ ಕರೆಗೂ ಬಳಕೆಯಲ್ಲಿ ಭೇದವೇ ತೋರದಂತಾಯಿತು. ಒಂದು ಮುಕ್ತ ವ್ಯವಸ್ಥೆಯ ಫೋನಿನಲ್ಲಿ ಸ್ವಾಮ್ಯದ ಕರೆ ತಂತ್ರಾಂಶವು ಅಷ್ಟು ಸುಗಮವಾಗಿ ಹೊಂದಿಕೊಂಡ ಉದಾಹರಣೆಗಳು ವಿರಳ. ಅಲ್ಲಿ ಫೋನಿನ ತಯಾರಕರೂ ತಂತ್ರಾಂಶದ ಒಡೆಯರೂ ಸಮ್ಮತಿಯಿಂದ ಕೂಡಿ ಕೆಲಸಮಾಡಿದ್ದೇ ಅದಕ್ಕೆ ಕಾರಣ.

ಕರ್ನಾಟಕದಲ್ಲಿ

ಲಿನಕ್ಸನ್ನು ಅಂಗೈಗೆ ತರುವ ಪ್ರಯತ್ನದಲ್ಲಿ ಕರ್ನಾಟಕವು ನೋಕಿಯಾಗಿಂತ ಮುಂಚಿನದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ವಿ. ವಿನಯ್, ರಮೇಶ್ ಹರಿಹರನ್ ಇವರು ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯವರೊಡನೆ ಕೂಡಿ ರೂಪಿಸಿದ ಸಿಂಪ್ಯೂಟರ್ ಎಂಬ ಅಂಗೈಗಣಕದ ಮಾದರಿ 2001ರ ಏಪ್ರಿಲಿನಲ್ಲಿ ಪ್ರಕಟವಾಯಿತು. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸಿದ ಅಮಿಡಾ ಸಿಂಪ್ಯೂಟರ್ ಮಾರುಕಟ್ಟೆಗೆ ಬಂದಿತು. ಓದುಬರಹ ಬಾರದವರಿಗೂ ಗಣಕದ ಪ್ರಯೋಜನ ದೊರೆಯಬೇಕೆಂಬ ಸದುದ್ದೇಶದಿಂದ ಹುಟ್ಟಿದ ಈ ಯಂತ್ರಕ್ಕಾಗಿ ಬರಹವನ್ನು ಓದಿಹೇಳುವ 'ಧ್ವನಿ' ಎಂಬ ತಂತ್ರಾಂಶವೂ ರಚಿತವಾಗಿ ಕನ್ನಡವನ್ನು ಉಚ್ಚರಿಸಿತು. ಸಿಂಪ್ಯೂಟರಿನ ಹೃದಯವಾಗಿದ್ದ 206 ಮೆಗಾಹರ್ಟ್ಸ್ ವೇಗದ ಸ್ಟ್ರಾಂಗ್‌ಆರ್ಮ್ ಪ್ರೊಸೆಸರು ಆರ್ಮ್ ವರ್ಗಕ್ಕೆ ಸೇರಿದ್ದಾದುದರಿಂದ, ಅಂದು ದೊರೆಯುತ್ತಿದ್ದ ಲಿನಕ್ಸ್ ಸ್ಕೈಪು ಅದರಲ್ಲಿ ನಡೆಯುವಂತಿರಲಿಲ್ಲ. ತಾನೇ ಕನ್ನಡದಲ್ಲಿ ನುಡಿಯಬಲ್ಲ ಯಂತ್ರಕ್ಕೂ ಬೇರೂರಿನ ಕನ್ನಡಿಗನ ದನಿಯನ್ನು ಆ ಜಾಲದ ಮೂಲಕ ತಂದು ಕೇಳಿಸುವ ದಾರಿ ಇರಲಿಲ್ಲ.

ಲಿನಕ್ಸ್ ಮೊಬೈಲು ಹಳ್ಳಿಯ ಮನೆಗಳನ್ನು ಹೊಕ್ಕದ್ದು ಜಿಯೋಫೋನಿನ ಮೂಲಕ. 2017ರ ಜುಲೈ 21ರಂದು ಘೋಷಿತವಾದ, 1500 ರೂಪಾಯಿಗಳ ಮರುಪಾವತಿ ಠೇವಣಿಗೆ ದೊರೆತ ಈ ಬಟನ್ ಮೊಬೈಲಿನಲ್ಲಿದ್ದ ಕೈಓಎಸ್, ಮೊಜಿಲ್ಲಾ ಕೈಬಿಟ್ಟ ಫೈರ್‌ಫಾಕ್ಸ್ ಓಎಸ್‌ನಿಂದ ಕವಲೊಡೆದು ಬೆಳೆದ ಲಿನಕ್ಸ್ ವ್ಯವಸ್ಥೆ. ಮಲಪ್ರಭಾ ನದಿಯ ಆಸುಪಾಸಿನ ಸಂಗೊಳ್ಳಿ, ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ಸೀಮೆಯಲ್ಲಿ, ಸೈನ್ಯದಲ್ಲಿರುವ ಮಗನೊಡನೆಯೋ ಗೋವೆ ಪುಣೆಗಳಿಗೆ ದುಡಿಯಲು ಹೋದ ತಮ್ಮನೊಡನೆಯೋ ಮಾತನಾಡಲು ಕಾತರಿಸುವ ಮನೆಗಳಿಗೆ ಇಂತಹ ಅಗ್ಗದ ಫೋನು ಏನೆಂಬುದನ್ನು ವಿವರಿಸಬೇಕಾಗಿಲ್ಲ. ಅದರ ಸಾಮಾನ್ಯ ಕರೆಯೂ 4ಜಿ ಜಾಲದಲ್ಲಿ ದತ್ತಾಂಶದ ಪೊಟ್ಟಣಗಳಾಗಿಯೇ ಸಾಗುತ್ತಿತ್ತು. ಆದರೆ ಬಂಧುಬಳಗವೆಲ್ಲ ಅದಾಗಲೇ ವಾಟ್ಸಾಪಿನಲ್ಲಿ ಸೇರಿಹೋಗಿತ್ತು. ಕೈಓಎಸ್‌ಗೆಂದು ಪ್ರತ್ಯೇಕವಾಗಿ ರಚಿತವಾದ ವಾಟ್ಸಾಪು ಜಿಯೋಫೋನಿಗೆ ಬಂದದ್ದು 2018ರ ಸೆಪ್ಟೆಂಬರಿನಲ್ಲಿ. ಅದರಲ್ಲಿ ಸಂದೇಶ, ಚಿತ್ರ, ಧ್ವನಿಮುದ್ರಿತ ಮಾತು ಇವುಗಳಿಗೆ ಅವಕಾಶವಿದ್ದರೂ ಕರೆಗೆ ಅವಕಾಶವಿರಲಿಲ್ಲ. ಕೈಓಎಸ್ ಆವೃತ್ತಿಗೆ ಧ್ವನಿಕರೆ ಸೇರಿದ್ದು 2021ರಲ್ಲಿ. 2024ರ ಜೂನ್ ತಿಂಗಳಿನಿಂದ ಆ ವ್ಯವಸ್ಥೆಯಲ್ಲಿ ವಾಟ್ಸಾಪನ್ನು ಹೊಸದಾಗಿ ಇಳಿಸಿಕೊಳ್ಳುವುದೇ ನಿಂತುಹೋಯಿತು. ಫೋನು ಕೆಡಲಿಲ್ಲ, ಅದರ ಗುಂಡಿಗಳು ಸವೆಯಲಿಲ್ಲ; ಆದರೂ ಅದರ ಉಪಯುಕ್ತತೆಯ ದೊಡ್ಡದೊಂದು ಭಾಗ ದೂರದ ಕಚೇರಿಯೊಂದರ ನಿರ್ಧಾರದಿಂದ ಕಳಚಿಬಿದ್ದಿತು.

ಪರಿಹಾರ ಮಾರ್ಗಗಳು

ಒಡೆಯರೇ ಆವೃತ್ತಿಯನ್ನು ಸಿದ್ಧಪಡಿಸಿಕೊಡದಿದ್ದಾಗ ಮೂರು ಮಾರ್ಗಗಳು ಉಳಿಯುತ್ತವೆ. ಮೊದಲನೆಯದು, ಲಿನಕ್ಸ್ ವ್ಯವಸ್ಥೆಯೊಳಗೇ ಆಂಡ್ರಾಯ್ಡಿಗೆ ಒಂದು ಬಿಡಾರವನ್ನು ಕಟ್ಟಿಕೊಟ್ಟು ಅದರ ತಂತ್ರಾಂಶಗಳನ್ನು ನಡೆಸುವುದು. 2013ರ ಯೊಲ್ಲಾ ಫೋನಿನ ಸೈಲ್‌ಫಿಶ್ ವ್ಯವಸ್ಥೆಯು ಏಲಿಯನ್ ಡಾಲ್ವಿಕ್ ಎಂಬ ಪದರದಿಂದ ಇದನ್ನು ಸಾಧಿಸಿತು; ಉಬುಂಟು ಟಚ್ ವ್ಯವಸ್ಥೆಯೂ ಪೈನ್‌ಫೋನಿನಂತಹ ಸಾಧನಗಳೂ ವೇಡ್ರಾಯ್ಡ್ ಎಂಬುದರಿಂದ ಸಾಧಿಸುತ್ತವೆ. ಆದರೆ ಎರಡು ವ್ಯವಸ್ಥೆಗಳ ಭಾರವನ್ನು ಒಂದೇ ಬ್ಯಾಟರಿ ಹೊರಬೇಕಾಗುವುದು, ಮತ್ತು ಒಳಗಿನ ಆಂಡ್ರಾಯ್ಡು ನಿದ್ರಿಸುತ್ತಿರುವಾಗ ಬಂದ ಕರೆಯ ಗಂಟೆ ಮೊಳಗದೇ ಹೋಗುವ ಸಂಭವವುಂಟು. ಎರಡನೆಯದು, ಬ್ರೌಸರಿನ ಮೂಲಕವೇ ಕರೆಮಾಡುವುದು. 2011ರಲ್ಲಿ ಗೂಗಲ್ ಮುಕ್ತಗೊಳಿಸಿ 2021ರಲ್ಲಿ ಅಂತರರಾಷ್ಟ್ರೀಯ ಶಿಫಾರಸಿನ ಪದವಿಗೇರಿದ ವೆಬ್‌ಆರ್‌ಟಿಸಿ ಎಂಬ ತಂತ್ರದಿಂದ ಇದು ಸಾಧ್ಯವಾಗಿದೆ. ಸೇವೆಯ ಒಡೆಯರು ಬ್ರೌಸರಿಗೆ ಕರೆಯ ಬಾಗಿಲನ್ನು ತೆರೆದಿದ್ದರೆ ಮಾತ್ರ ಈ ಮಾರ್ಗ ಫಲಿಸುತ್ತದೆ. ಮೂರನೆಯದು, ಸಿಪ್ ಮತ್ತು ಎಕ್ಸ್‌ಎಂಪಿಪಿ ಎಂಬ ಬಹಿರಂಗ ಒಡಂಬಡಿಕೆಗಳ ಮುಕ್ತ ತಂತ್ರಾಂಶವನ್ನು ಬಳಸುವುದು. ತಾಂತ್ರಿಕವಾಗಿ ಇದೇ ನಿಷ್ಕಂಟಕವಾದ ದಾರಿ. ಆದರೆ ಇದಕ್ಕೆ ಕರೆ ಸ್ವೀಕರಿಸುವವರೂ ಅದೇ ದಾರಿಗೆ ಬರಬೇಕು, ಮತ್ತು ಬಂಧುಬಳಗವನ್ನೆಲ್ಲ ಒಪ್ಪಿಸಿ ಕರೆತರುವುದು ಯಂತ್ರವನ್ನು ಒಪ್ಪಿಸುವುದಕ್ಕಿಂತ ಕಷ್ಟತರವಾದ ಕೆಲಸ.

ಪರಾಮರ್ಶೆ

ಸಾಧನದ ಸ್ವಾತಂತ್ರ್ಯವೂ ಸಂಭಾಷಣೆಯ ಸ್ವಾತಂತ್ರ್ಯವೂ ಒಂದೇ ಅಲ್ಲವೆಂಬುದನ್ನು ಈ ಇತಿಹಾಸವು ಸ್ಪಷ್ಟಪಡಿಸುತ್ತದೆ. ಕರ್ನೆಲು ಎಷ್ಟೇ ಮುಕ್ತವಾಗಿರಲಿ, ಒಡಂಬಡಿಕೆ ಗೋಪ್ಯವಾಗಿರುವತನಕ ಕರೆಯ ಕೀಲಿ ಪರರ ಕೈಯಲ್ಲಿಯೇ ಇರುತ್ತದೆ. ಆದುದರಿಂದ ಸಾರ್ವಜನಿಕ ಸಂಸ್ಥೆಗಳು ಜನಬಳಕೆಗೆ ಕರೆ ತಂತ್ರಾಂಶವನ್ನು ಆರಿಸುವಾಗ ಅದರ ಅಂದಚಂದಗಳಿಗಿಂತ ಮೊದಲು ಅದರ ಒಡಂಬಡಿಕೆ ಬಹಿರಂಗವೋ ಅಲ್ಲವೋ ಎಂಬುದನ್ನು ಪರೀಕ್ಷಿಸುವುದು ಯುಕ್ತ. 2011ರಲ್ಲಿ ಮೈಕ್ರೋಸಾಫ್ಟ್ 850 ಕೋಟಿ ಡಾಲರುಗಳಿಗೆ ಕೊಂಡ ಸ್ಕೈಪು 2025ರ ಮೇ 5ರಂದು ನಿಂತುಹೋಯಿತು. ಎನ್900 ಫೋನಿನೊಡನೆ ಅಷ್ಟು ಚೆನ್ನಾಗಿ ಬೆಸೆದುಕೊಂಡಿದ್ದ ಆ ತಂತ್ರಾಂಶದ ಜಾಲವೇ ಇಂದು ಇಲ್ಲ. ಆದರೆ ಧ್ವನಿಯನ್ನು ಸಂಕ್ಷೇಪಿಸಲು ಸ್ಕೈಪಿನವರು ರೂಪಿಸಿ ಲೋಕಕ್ಕೆ ಬಿಟ್ಟುಕೊಟ್ಟ ಸಿಲ್ಕ್ ಎಂಬ ವಿಧಾನವು 2012ರಲ್ಲಿ ಓಪಸ್ ಎಂಬ ಮುಕ್ತ ಮಾನಕದಲ್ಲಿ ಸೇರಿಕೊಂಡಿದ್ದು, ಇಂದಿಗೂ ಅಂತರಜಾಲದ ಅಸಂಖ್ಯಾತ ಕರೆಗಳ ದನಿಯನ್ನು ಹೊರುತ್ತಿದೆ.