ಬಿದ್ದಲ್ಲೇ ಆಡಬೇಕೆ? ಗಾಲ್ಫ್ ನಿಯಮಗಳ ಅರ್ಥನಿರ್ಣಯದ ಚರಿತ್ರೆ

ಕ್ರಿಕೆಟ್‌ನಲ್ಲಿ ಪ್ರತಿ ಎಸೆತದ ಮೇಲೂ ಅಂಪೈರ್‌ಗಳ ಕಣ್ಣಿರುತ್ತದೆ. ಗಾಲ್ಫ್ ಹಾಗಲ್ಲ. ನೂರು ಎಕರೆಗೂ ಮೀರಿ ಹರಡಿದ ಮೈದಾನದಲ್ಲಿ ಮರ, ಮರಳು, ಕೆರೆ, ಪೊದೆಗಳ ನಡುವೆ ಹತ್ತಾರು ಗುಂಪುಗಳು ಏಕಕಾಲಕ್ಕೆ ಆಡುತ್ತಿರುತ್ತವೆ. ಹುಲ್ಲಿನ ಮರೆಯಲ್ಲಿ ಕೂತ ಚೆಂಡು ಅಲುಗಿತೋ ಇಲ್ಲವೋ ಎಂಬುದು ಎಷ್ಟೋ ಸಲ ಆಟಗಾರನೊಬ್ಬನಿಗೇ ಗೊತ್ತು. ಹೀಗಾಗಿ ಈ ಆಟದಲ್ಲಿ ನಿಯಮವನ್ನು ಬರೆಯುವುದಕ್ಕಿಂತ, ಬರೆದ ನಿಯಮ ಎದುರಿಗಿರುವ ಸಂದರ್ಭಕ್ಕೆ ಹೇಗೆ ಅನ್ವಯಿಸುತ್ತದೆ ಎಂದು ತೀರ್ಮಾನಿಸುವುದೇ ಹೆಚ್ಚು ಕಷ್ಟದ ಕೆಲಸವಾಗಿ ಉಳಿದಿದೆ.

1744ರಿಂದ 2023ರವರೆಗಿನ ಈ ಅರ್ಥನಿರ್ಣಯದ ಹಾದಿಯನ್ನು ಗಮನಿಸಿದರೆ ಎರಡು ಪ್ರಶ್ನೆಗಳು ಎದ್ದು ಕಾಣುತ್ತವೆ. ನಿಜವಾಗಿ ನಡೆದದ್ದೇನು ಎಂಬುದು ಮೊದಲನೆಯದು. ಅದನ್ನು ತಿಳಿಯಲು ಆಟಗಾರನಿಗೆ ಸಾಧ್ಯವಿತ್ತೇ ಎಂಬುದು ಎರಡನೆಯದು. ಎರಡು ಶತಮಾನಗಳ ಕಾಲ ನಿಯಮಕಾರರು ಮುಖ್ಯವಾಗಿ ಮೊದಲ ಪ್ರಶ್ನೆಯೊಂದಿಗೇ ಸೆಣಸಿದರು. ಟೆಲಿವಿಷನ್ ಕ್ಯಾಮೆರಾ ಬಂದ ಮೇಲೆ ಎರಡನೆಯದನ್ನು ಬದಿಗಿರಿಸಲು ಆಗಲಿಲ್ಲ.

ಲೀತ್‌ನ ಹದಿಮೂರು ಕಲಮುಗಳು

ಇಂದು ದೊರೆಯುವ ಅತ್ಯಂತ ಹಳೆಯ ಲಿಖಿತ ಗಾಲ್ಫ್ ನಿಯಮಗಳು 1744ರವು. ಸ್ಕಾಟ್ಲೆಂಡಿನ ಎಡಿನ್‌ಬರೊ ನಗರಾಡಳಿತ ಬೆಳ್ಳಿಯ ಗಾಲ್ಫ್ ಕೋಲೊಂದನ್ನು ಬಹುಮಾನವಾಗಿ ಕೊಟ್ಟಾಗ, ಲೀತ್‌ನ ಬಯಲಿನಲ್ಲಿ ಆಡುತ್ತಿದ್ದ ಗಾಲ್ಫ್ ಆಟಗಾರರ ಸಂಘ ಸ್ಪರ್ಧೆಗಾಗಿ 13 ಕಲಮುಗಳನ್ನು ಬರೆಯಿತು. ಗೆದ್ದವನು ಜಾನ್ ರ‍್ಯಾಟ್ರೆ ಎಂಬ ಶಸ್ತ್ರವೈದ್ಯ. ಗೆದ್ದವನೇ ಗಾಲ್ಫ್‌ನ ಕ್ಯಾಪ್ಟನ್, ಆಟಗಾರರ ನಡುವಿನ ವಿವಾದಗಳನ್ನು ಅವನೇ ಬಗೆಹರಿಸಬೇಕು ಎಂಬುದು ಬಹುಮಾನದ ಷರತ್ತುಗಳಲ್ಲೇ ಇತ್ತು. ನಿಯಮ ಹುಟ್ಟುವ ಹೊತ್ತಿಗೇ ಅದಕ್ಕೆ ಅರ್ಥ ಹೇಳುವವನ ಹುದ್ದೆಯೂ ಹುಟ್ಟಿತ್ತು.

ಈ ಕಲಮುಗಳಲ್ಲಿ ಅಮೂರ್ತ ತತ್ತ್ವಗಳಿಲ್ಲ. ಆ ಬಯಲಿನಲ್ಲಿ ಎದುರಾಗುತ್ತಿದ್ದ ತೊಡಕುಗಳಷ್ಟೇ ಇವೆ. ಮನುಷ್ಯ, ಕುದುರೆ, ನಾಯಿ ಅಥವಾ ಮತ್ತೇನಾದರೂ ಚೆಂಡನ್ನು ತಡೆದರೆ ಅದು ನಿಂತ ಜಾಗದಿಂದಲೇ ಆಡಬೇಕು ಎನ್ನುತ್ತದೆ ಹತ್ತನೆಯ ಕಲಮು. ನೀರಿಗೋ ರೊಚ್ಚೆಗೋ ಬಿದ್ದ ಚೆಂಡನ್ನು ಎತ್ತಿ ಹಿಂದಕ್ಕೆ ತರಬಹುದು, ಆದರೆ ಎದುರಾಳಿಗೆ ಒಂದು ಹೊಡೆತ ಬಿಟ್ಟುಕೊಡಬೇಕು. ಹೊಡೆಯಲು ಕೋಲನ್ನು ಕೆಳಗೆ ತರುತ್ತಿರುವಾಗ ಅದು ಮುರಿದರೂ ಒಂದು ಹೊಡೆತವೆಂದೇ ಲೆಕ್ಕ. ಕುಳಿಗೆ ಆಡುವಾಗ ಪ್ರಾಮಾಣಿಕವಾಗಿ ಕುಳಿಯತ್ತಲೇ ಆಡಬೇಕು, ದಾರಿಯಲ್ಲಿಲ್ಲದ ಎದುರಾಳಿಯ ಚೆಂಡಿಗೆ ಗುರಿಯಿಡಬಾರದು ಎಂಬುದು ಏಳನೆಯ ಕಲಮು. ಆಟಗಾರನ ಮನಸ್ಸಿನೊಳಗಿನ ಉದ್ದೇಶವನ್ನು ನಿಯಮ ಅಂದೇ ಲೆಕ್ಕಕ್ಕೆ ತೆಗೆದುಕೊಂಡಿತ್ತು ಎಂಬುದನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು.

ಸೇಂಟ್ ಆಂಡ್ರೂಸ್‌ನ ಆಟಗಾರರು 1754ರಲ್ಲಿ ಹೆಚ್ಚುಕಡಿಮೆ ಇವೇ ನಿಯಮಗಳನ್ನು ಒಪ್ಪಿಕೊಂಡರು. ಅವರ ಸಂಘವೇ 1834ರಲ್ಲಿ ನಾಲ್ಕನೆಯ ವಿಲಿಯಂ ದೊರೆಯ ಆಶ್ರಯ ಪಡೆದು ‘ರಾಯಲ್ ಆ್ಯಂಡ್ ಏನ್ಷಿಯಂಟ್’, ಅಂದರೆ ಆರ್ ಆ್ಯಂಡ್ ಎ, ಎನಿಸಿಕೊಂಡಿತು.

ಒಂದೇ ಸಂಹಿತೆಯತ್ತ

ಹತ್ತೊಂಬತ್ತನೆಯ ಶತಮಾನದುದ್ದಕ್ಕೂ ಕ್ಲಬ್‌ಗಳು ತಮ್ಮ ತಮ್ಮ ನೆಲಕ್ಕೆ ತಕ್ಕಂತೆ ನಿಯಮಗಳನ್ನು ತಿದ್ದಿಕೊಳ್ಳುತ್ತಿದ್ದವು. ಆಟ ಆ ವೇಳೆಗೆ ಬ್ರಿಟನ್ನಿನ ಆಚೆಗೂ ಹಬ್ಬಿತ್ತು. ಕೋಲ್ಕತ್ತದ ಕ್ಲಬ್ 1829ರಲ್ಲೂ ಬೆಂಗಳೂರು ಗಾಲ್ಫ್ ಕ್ಲಬ್ 1876ರಲ್ಲೂ ಆರಂಭವಾದವು. ಬೆಂಗಳೂರಿನಲ್ಲಿ ಗಾಲ್ಫ್ ಕಾಲೂರಿದಾಗ ಎಲ್ಲರೂ ಒಪ್ಪಿದ ಒಂದೇ ಸಂಹಿತೆ ಇನ್ನೂ ಇರಲಿಲ್ಲ. 1897ರಲ್ಲಿ ಆರ್ ಆ್ಯಂಡ್ ಎ ನಿಯಮಗಳಿಗೆಂದೇ ಒಂದು ಸಮಿತಿಯನ್ನು ನೇಮಿಸಿತು, 1899ರಲ್ಲಿ ಕ್ರೋಡೀಕೃತ ಸಂಹಿತೆ ಹೊರಬಂತು. ಅಮೆರಿಕದಲ್ಲಿ 1894ರಲ್ಲಿ ಸ್ಥಾಪನೆಯಾದ ಯುಎಸ್‌ಜಿಎ (ಯುನೈಟೆಡ್ ಸ್ಟೇಟ್ಸ್ ಗಾಲ್ಫ್ ಅಸೋಸಿಯೇಷನ್) ಸಂಸ್ಥೆ ತನ್ನದೇ ವ್ಯಾಖ್ಯಾನಗಳನ್ನು ಕೊಡತೊಡಗಿದ್ದರಿಂದ ಅಟ್ಲಾಂಟಿಕ್‌ನ ಎರಡು ದಡಗಳಲ್ಲಿ ಆಟ ಹಲವು ವಿಷಯಗಳಲ್ಲಿ ಬೇರೆಬೇರೆಯಾಯಿತು.

ಎರಡೂ ಸಂಸ್ಥೆಗಳು 1951ರಲ್ಲಿ ಕೂತು ಮಾತಾಡಿ 1952ರಿಂದ ಜಾರಿಗೆ ಬರುವಂತೆ ಒಂದೇ ಸಂಹಿತೆಯನ್ನು ಒಪ್ಪಿದವು. ಶತಮಾನಗಳಷ್ಟು ಹಳೆಯ ‘ಸ್ಟೈಮಿ’ ಆಗ ಕೊನೆಗೊಂಡಿತು. ಅಲ್ಲಿಯವರೆಗೆ, ಒಂದೊಂದು ಕುಳಿಗೂ ಎದುರಾಳಿಯೊಂದಿಗೆ ನೇರವಾಗಿ ಸೆಣಸುವ ಮ್ಯಾಚ್ ಪಂದ್ಯದಲ್ಲಿ ಎದುರಾಳಿಯ ಚೆಂಡು ಕುಳಿಗೆ ಅಡ್ಡ ಕೂತರೂ, ಎರಡು ಚೆಂಡುಗಳ ಅಂತರ ಆರು ಇಂಚಿಗಿಂತ ಹೆಚ್ಚಿದ್ದರೆ ಅದನ್ನು ಎತ್ತಿಸುವಂತಿರಲಿಲ್ಲ. ಸುತ್ತಿ ಆಡಬೇಕಿತ್ತು, ಇಲ್ಲವೇ ಹಾರಿಸಬೇಕಿತ್ತು.

ನಿಯಮಗಳ ಹಿಂದಿನ ತತ್ತ್ವಗಳನ್ನು ಮೊದಲು ವ್ಯವಸ್ಥಿತವಾಗಿ ವಿವರಿಸಿದವರು ಯುಎಸ್‌ಜಿಎ ಅಧ್ಯಕ್ಷರಾಗಿದ್ದ ರಿಚರ್ಡ್ ಟಫ್ಟ್ಸ್. 1960ರ ತಮ್ಮ ಕಿರುಪುಸ್ತಕದಲ್ಲಿ ಅವರು ಎರಡು ಆಧಾರಗಳನ್ನು ಗುರುತಿಸಿದರು: ಒಂದು, ಮೈದಾನ ಹೇಗಿದೆಯೋ ಹಾಗೇ ಆಡಬೇಕು; ಎರಡು, ಆಟಗಾರ ತನ್ನ ಚೆಂಡನ್ನೇ ಆಡಬೇಕು, ಕುಳಿ ಮುಗಿಯುವವರೆಗೆ ಅದನ್ನು ಮುಟ್ಟಬಾರದು. ಉಳಿದ ನಿಯಮಗಳಲ್ಲಿ ಬಹುಪಾಲು ಇವುಗಳನ್ನು ಪಾಲಿಸಲು ಆಗದ ಸಂದರ್ಭಗಳಿಗೆ ಹುಟ್ಟಿದ ವಿನಾಯಿತಿಗಳು. ಆಯಾ ವಿನಾಯಿತಿ ಯಾವಾಗ ಸಿಗುತ್ತದೆ ಎಂಬಲ್ಲೇ ವ್ಯಾಖ್ಯಾನದ ಕೆಲಸ ಶುರುವಾಗುತ್ತದೆ.

ಬಾಂಬು, ಪಿಯರ್, ಬಂಡೆ

ಯಾವ ನಿಯಮಕಾರನೂ ಊಹಿಸದ ಸಂದರ್ಭ ಎರಡನೆಯ ಮಹಾಯುದ್ಧದಲ್ಲಿ ಎದುರಾಯಿತು. ಲಂಡನ್ ಬಳಿಯ ರಿಚ್‌ಮಂಡ್ ಗಾಲ್ಫ್ ಕ್ಲಬ್ 1940ರಲ್ಲಿ ತಾತ್ಕಾಲಿಕ ನಿಯಮಗಳನ್ನು ಹೊರಡಿಸಿತು. ಬಾಂಬು ಬೀಳುತ್ತಿರುವಾಗ ಸ್ಪರ್ಧಿಗಳು ಆಟ ನಿಲ್ಲಿಸಿ ಆಶ್ರಯ ಪಡೆದರೆ ದಂಡವಿಲ್ಲ. ಶತ್ರುವಿನ ದಾಳಿಯಿಂದ ಚೆಂಡು ಸರಿದರೆ ಮರಳಿ ಅಲ್ಲೇ ಇಡಬಹುದು, ನಾಶವಾದರೆ ಬೇರೊಂದನ್ನು ದಂಡವಿಲ್ಲದೆ ಡ್ರಾಪ್ ಮಾಡಬಹುದು, ಅಂದರೆ ಕೈಯಿಂದ ನೆಲಕ್ಕೆ ಬೀಳಿಸಿ ಆಡಬಹುದು. ಆದರೆ ಹೊಡೆಯುವ ಕ್ಷಣದಲ್ಲೇ ಬಾಂಬು ಸಿಡಿದು ಹೊಡೆತ ಕೆಟ್ಟರೆ ಇನ್ನೊಂದು ಚೆಂಡು ಆಡಬಹುದಾದರೂ ಒಂದು ಹೊಡೆತದ ದಂಡ ತೆರಬೇಕು. ಮೇಲ್ನೋಟಕ್ಕೆ ವಿಚಿತ್ರವೆನಿಸಿದರೂ ತರ್ಕ ಸ್ಪಷ್ಟವಾಗಿದೆ. ಹೊರಗಿನ ಶಕ್ತಿಯೊಂದು ಚೆಂಡನ್ನೇ ಕದಲಿಸಿದರೆ ಆಟಗಾರನಿಗೆ ಪರಿಹಾರ ಸಿಗಬೇಕು. ಸದ್ದಿಗೆ ಅವನ ಗಮನ ತಪ್ಪಿದರೆ ಹೊಡೆತದ ಹೊಣೆ ಅವನದೇ.

ಇದೇ ಬಗೆಯ ತರ್ಕವನ್ನು ಸಾವಿರಕ್ಕೂ ಹೆಚ್ಚು ಸಂದರ್ಭಗಳಿಗೆ ವಿಸ್ತರಿಸಿದ್ದು ‘ಡಿಸಿಷನ್ಸ್’ ಸಂಪುಟ. 1984ರಿಂದ ಎರಡೂ ಸಂಸ್ಥೆಗಳು ಇದನ್ನು ಜಂಟಿಯಾಗಿ ಪ್ರಕಟಿಸುತ್ತ ಬಂದವು. ನ್ಯಾಯಾಲಯದ ಪೂರ್ವನಿದರ್ಶನಗಳಂತೆ, ಒಮ್ಮೆ ಬಂದ ಪ್ರಶ್ನೆಗೆ ಕೊಟ್ಟ ಉತ್ತರ ಮುಂದಿನವರೆಲ್ಲರಿಗೂ ಅನ್ವಯಿಸುತ್ತಿತ್ತು. ಬಂಕರ್ ಎಂಬ ಮರಳುಗುಂಡಿಯಲ್ಲಿ ಚೆಂಡಿನ ಮುಂದೆ ಅರ್ಧ ತಿಂದ ಪಿಯರ್ ಹಣ್ಣು ಬಿದ್ದಿದೆ, ಹತ್ತಿರದಲ್ಲಿ ಪಿಯರ್ ಮರವೇ ಇಲ್ಲ. ಯಾರೋ ತಿಂದು ಎಸೆದದ್ದಾದ್ದರಿಂದ ಅದನ್ನು ಮನುಷ್ಯ ಇಟ್ಟ ಅಡ್ಡಿಯೆಂದು ಎತ್ತಿ ಎಸೆಯಬಹುದೆ? ಆಗದು ಎಂದಿತು ಸಂಪುಟ. ಹಣ್ಣು ನಿಸರ್ಗದ ವಸ್ತು. ಯಾರು ತಂದರು, ಎಷ್ಟು ತಿಂದರು ಎಂಬುದರಿಂದ ಅದರ ಸ್ವರೂಪ ಬದಲಾಗದು. ಬಂಕರ್‌ನಲ್ಲಿ ಬಿಡಿಬಿಡಿಯಾಗಿ ಬಿದ್ದ ನೈಸರ್ಗಿಕ ವಸ್ತುಗಳನ್ನು ಮುಟ್ಟುವಂತಿಲ್ಲ ಎಂಬ ನಿರ್ಬಂಧ ಸಡಿಲಗೊಂಡದ್ದು 2019ರಲ್ಲಿ.

ಹಾವಿನ ವಿಷಯದಲ್ಲಿ ಜೀವವೇ ಗಡಿ. ಜೀವಂತ ಹಾವು ಆಟಕ್ಕೆ ಹೊರಗಿನ ಶಕ್ತಿ, ಸತ್ತದ್ದು ಎಲೆ, ಕಡ್ಡಿಗಳಂತೆ ಬದಿಗೆ ಸರಿಸಬಹುದಾದ ವಸ್ತು. ಚೆಂಡಿನ ಬಳಿ ವಿಷದ ಹಾವೋ ಜೇನುಹುಳುಗಳೋ ಇದ್ದರೆ ದಂಡವಿಲ್ಲದೆ ದೂರ ಸರಿದು ಆಡಬಹುದು. ಪಾಪಾಸುಕಳ್ಳಿಯ ಮುಳ್ಳಿಗೆ ಈ ರಿಯಾಯಿತಿ ಇಲ್ಲ. ಗಿಡ ಮೈದಾನದ ಭಾಗ, ಅದನ್ನು ಇದ್ದ ಹಾಗೇ ಆಡಬೇಕು.

ವಸ್ತುವಿನ ಗಾತ್ರಕ್ಕೂ ಈ ವರ್ಗೀಕರಣದಲ್ಲಿ ಬೆಲೆಯಿಲ್ಲ ಎಂಬುದನ್ನು 1999ರ ಫೀನಿಕ್ಸ್ ಓಪನ್ ತೋರಿಸಿತು. ಹದಿಮೂರನೆಯ ಹೋಲ್‌ನಲ್ಲಿ ಟೈಗರ್ ವುಡ್ಸ್ ಅವರ ಚೆಂಡು ದೊಡ್ಡ ಬಂಡೆಯೊಂದರ ಹಿಂದೆ ನಿಂತಿತು. ನೆಲದಲ್ಲಿ ಹೂತಿಲ್ಲದ ಕಲ್ಲು ಎಷ್ಟೇ ದೊಡ್ಡದಾದರೂ ಬಿಡಿ ವಸ್ತುವೇ, ಅದನ್ನು ಸರಿಸಲು ಪ್ರೇಕ್ಷಕರ ನೆರವನ್ನೂ ಪಡೆಯಬಹುದು ಎಂದು ಅಧಿಕಾರಿ ತೀರ್ಪಿತ್ತರು. ಹಲವರು ಸೇರಿ ಬಂಡೆಯನ್ನು ಉರುಳಿಸಿದರು. ಒಬ್ಬ ಆಟಗಾರನಿಗೆ ಅಷ್ಟು ಜನರ ತೋಳ್ಬಲ ಸಿಕ್ಕಿದ್ದು ನ್ಯಾಯವೇ ಎಂಬ ಚರ್ಚೆ ನಡೆಯಿತಾದರೂ ನಿಯಮದ ಅಕ್ಷರದಲ್ಲಿ ತಪ್ಪಿರಲಿಲ್ಲ.

1744ರ ನಾಯಿಯ ಕಲಮು ಇಂದಿಗೂ ಜೀವಂತವಾಗಿದೆ, ಆದರೆ ವ್ಯಾಖ್ಯಾನ ಅದನ್ನು ಸೂಕ್ಷ್ಮಗೊಳಿಸಿದೆ. ಓಡುತ್ತಿರುವ ಚೆಂಡನ್ನು ಪ್ರಾಣಿ ತಡೆದರೆ ಸಾಮಾನ್ಯವಾಗಿ ಅದು ನಿಂತಲ್ಲಿಂದಲೇ ಆಟ. ನಿಂತಿದ್ದ ಚೆಂಡನ್ನು ಪ್ರಾಣಿ ಕೊಂಡೊಯ್ದರೆ ಮೂಲ ಸ್ಥಳದಲ್ಲಿ ಮರಳಿ ಇಡಬೇಕು. 1998ರ ಪ್ಲೇಯರ್ಸ್ ಚಾಂಪಿಯನ್‌ಶಿಪ್‌ನಲ್ಲಿ, ನೀರು ಸುತ್ತುವರಿದ ಹದಿನೇಳನೆಯ ಗ್ರೀನ್ (ಕುಳಿಯ ಸುತ್ತಲಿನ ನುಣುಪಾದ ಹುಲ್ಲುನೆಲ) ಮೇಲೆ ನಿಂತಿದ್ದ ಚೆಂಡನ್ನು ಕಡಲಹಕ್ಕಿಯೊಂದು ಕೊಕ್ಕಿನಲ್ಲಿ ಕಚ್ಚಿಕೊಂಡು ಹೋಗಿ ನೀರಿಗೆ ಬೀಳಿಸಿತು. ಆಟಗಾರ ದಂಡವಿಲ್ಲದೆ ಮೊದಲಿನ ಜಾಗದಲ್ಲಿ ಚೆಂಡಿಟ್ಟು ಆಡಿದ.

ಆಟಗಾರನೇ ಸಾಕ್ಷಿ, ಆಟಗಾರನೇ ನ್ಯಾಯಾಧೀಶ

1925ರ ಯುಎಸ್ ಓಪನ್ ವೋರ್ಸೆಸ್ಟರ್ ಕಂಟ್ರಿ ಕ್ಲಬ್‌ನಲ್ಲಿ ನಡೆಯಿತು. ಮೊದಲ ಸುತ್ತಿನ ಹನ್ನೊಂದನೆಯ ಹೋಲ್‌ನಲ್ಲಿ ಬಾಬಿ ಜೋನ್ಸ್ ಅವರ ಕೋಲು ಹುಲ್ಲಿಗೆ ತಾಗಿ ಚೆಂಡು ತುಸು ಕದಲಿತು. ಜೊತೆಗಿದ್ದ ವಾಲ್ಟರ್ ಹೇಗನ್ ಆಗಲಿ ಅಧಿಕಾರಿಗಳಾಗಲಿ ಅದನ್ನು ನೋಡಿರಲಿಲ್ಲ. ಜೋನ್ಸ್ ತಮ್ಮ ಮೇಲೆ ತಾವೇ ಒಂದು ಹೊಡೆತದ ದಂಡ ಹಾಕಿಕೊಂಡರು. 72 ಹೋಲ್‌ಗಳ ನಂತರ ಅವರೂ ವಿಲ್ಲಿ ಮ್ಯಾಕ್‌ಫರ್ಲೇನ್ ಅವರೂ ಸಮನಾಗಿದ್ದರು, ಎರಡನೆಯ ಪ್ಲೇಆಫ್‌ನಲ್ಲಿ ಜೋನ್ಸ್ ಸೋತರು. ಆ ಒಂದು ಹೊಡೆತ ಇಲ್ಲದಿದ್ದರೆ ಪ್ಲೇಆಫ್‌ಗೇ ಅವಕಾಶವಿರಲಿಲ್ಲ.

ಅಂಕಪಟ್ಟಿಗೆ ಹಾಕುವ ಸಹಿಯ ಗಂಭೀರತೆಯೂ ಆಟಗಾರನೇ ತನ್ನ ಆಟಕ್ಕೆ ಸಾಕ್ಷಿ ಎಂಬ ಈ ನಂಬಿಕೆಯಿಂದಲೇ ಬರುತ್ತದೆ. 1968ರ ಮಾಸ್ಟರ್ಸ್‌ನ ಕೊನೆಯ ಸುತ್ತನ್ನು ಅರ್ಜೆಂಟೀನಾದ ರೊಬೆರ್ಟೊ ದೆ ವಿಸೆಂಜೊ 65 ಹೊಡೆತಗಳಲ್ಲಿ ಮುಗಿಸಿದರು. ಅಂಕ ಬರೆಯುತ್ತಿದ್ದ ಸಹ ಆಟಗಾರ ಹದಿನೇಳನೆಯ ಹೋಲ್‌ನ 3ನ್ನು 4 ಎಂದು ಬರೆದಿದ್ದರು, ದೆ ವಿಸೆಂಜೊ ಗಮನಿಸದೆ ಸಹಿ ಹಾಕಿದರು. ನಿಜಕ್ಕಿಂತ ಹೆಚ್ಚಿನ ಅಂಕಕ್ಕೆ ಸಹಿ ಹಾಕಿದರೆ ಆ ಅಂಕವೇ ಉಳಿಯುತ್ತದೆ ಎಂಬುದು ನಿಯಮ. ಹಾಗಾಗಿ 66 ದಾಖಲಾಯಿತು, ಬಾಬ್ ಗೋಲ್ಬಿ ಒಂದು ಹೊಡೆತದಿಂದ ಗೆದ್ದರು. ಇಲ್ಲಿ ನಡೆದದ್ದೇನು ಎಂಬುದು ಟೆಲಿವಿಷನ್ ನೋಡುತ್ತಿದ್ದವರಿಗೆಲ್ಲ ಗೊತ್ತಿತ್ತು. ಆದರೂ ಆಟಗಾರ ಪ್ರಮಾಣೀಕರಿಸಿದ ಹೇಳಿಕೆಯೇ ಅಂತಿಮವಾಯಿತು.

ನಿಯಮವೇ ಅನುಮಾನವಾದಾಗ ಏನು ಮಾಡಬೇಕು? 1958ರ ಮಾಸ್ಟರ್ಸ್‌ನಲ್ಲಿ ಆರ್ನಲ್ಡ್ ಪಾಮರ್ ಅವರ ಚೆಂಡು ಹನ್ನೆರಡನೆಯ ಗ್ರೀನ್ ಹಿಂದಿನ ಒದ್ದೆ ನೆಲದಲ್ಲಿ ಹೂತಿತು. ದಂಡವಿಲ್ಲದೆ ಎತ್ತಬಹುದೆಂದು ಪಾಮರ್ ವಾದಿಸಿದರು, ಅಧಿಕಾರಿ ಒಪ್ಪಲಿಲ್ಲ. ಪಾಮರ್ ಎರಡು ಚೆಂಡು ಆಡಿದರು. ಮೂಲ ಚೆಂಡಿಗೆ 5, ಎರಡನೆಯದಕ್ಕೆ 3 ಹೊಡೆತಗಳಾದವು. ಸಮಿತಿ 3ನ್ನೇ ಎತ್ತಿಹಿಡಿಯಿತು, ಪಾಮರ್ ಒಂದು ಹೊಡೆತದಿಂದ ಪ್ರಶಸ್ತಿ ಗೆದ್ದರು. ಎರಡನೆಯ ಚೆಂಡು ಆಡುವ ಉದ್ದೇಶವನ್ನು ಪಾಮರ್ ಮೊದಲೇ ತಿಳಿಸಿರಲಿಲ್ಲ ಎಂದು ಅಂದು ಜೊತೆಗೆ ಆಡಿದ್ದ ಕೆನ್ ವೆಂಚುರಿ ದಶಕಗಳ ನಂತರವೂ ಆಕ್ಷೇಪಿಸಿದರು. ಇಂದಿನ ನಿಯಮದಲ್ಲಿ, ಒಟ್ಟು ಹೊಡೆತಗಳನ್ನು ಎಣಿಸುವ ಸ್ಟ್ರೋಕ್ ಪಂದ್ಯದ ಆಟಗಾರ ಎರಡು ಚೆಂಡು ಆಡುವ ನಿರ್ಧಾರವನ್ನು ಮುಂದಿನ ಹೊಡೆತಕ್ಕೆ ಮೊದಲೇ ಕೈಗೊಳ್ಳಬೇಕು, ಫಲಿತಾಂಶ ನೋಡಿ ಆರಿಸಿಕೊಳ್ಳಲು ಅವಕಾಶವಿಲ್ಲ.

ಕ್ಯಾಮೆರಾ ತಂದ ಬಿಕ್ಕಟ್ಟು

1987ರಲ್ಲಿ ಸ್ಯಾನ್ ಡಿಯಾಗೊದ ಟೋರಿ ಪೈನ್ಸ್‌ನಲ್ಲಿ ಕ್ರೇಗ್ ಸ್ಟ್ಯಾಡ್ಲರ್ ಅವರ ಚೆಂಡು ಮರದ ತಗ್ಗಿನ ಕೊಂಬೆಗಳ ಕೆಳಗೆ ಸೇರಿತ್ತು. ಪ್ಯಾಂಟು ಕೊಳೆಯಾಗದಿರಲೆಂದು ಟವೆಲ್ ಹಾಸಿ, ಅದರ ಮೇಲೆ ಮೊಣಕಾಲೂರಿ ಹೊಡೆದರು. ಮರುದಿನ ಆ ದೃಶ್ಯ ಮರುಪ್ರಸಾರವಾದಾಗ, ಇದು ನಿಲುವಿಗೆ ಆಸರೆ ಕಟ್ಟಿಕೊಂಡಂತೆ ಎಂದು ವೀಕ್ಷಕರು ಫೋನ್ ಮಾಡಿದರು. ಎರಡು ಹೊಡೆತಗಳ ದಂಡ ಸೇರಿಸದ ಅಂಕಪಟ್ಟಿಗೆ ಸಹಿಯಾಗಿದ್ದರಿಂದ ಸ್ಟ್ಯಾಡ್ಲರ್ ಅನರ್ಹಗೊಂಡರು, ಎರಡನೆಯ ಸ್ಥಾನ ಹಂಚಿಕೊಳ್ಳುವ ಅವಕಾಶ ಕೈತಪ್ಪಿತು.

2011ರ ಅಬುಧಾಬಿ ಟೂರ್ನಿಯಲ್ಲಿ ಪಾಡ್ರಿಗ್ ಹ್ಯಾರಿಂಗ್ಟನ್ ಗುರುತಿನ ಬಿಲ್ಲೆ ಎತ್ತುವಾಗ ಚೆಂಡು ಬರಿಗಣ್ಣಿಗೆ ಕಾಣದಷ್ಟು ಮುಂದಕ್ಕೆ ಸರಿಯಿತು. ವೀಕ್ಷಕನೊಬ್ಬನ ಇಮೇಲ್ ಬಂತು, ದಂಡ ಸೇರಿಸದ ಅಂಕಪಟ್ಟಿಗೆ ಸಹಿ ಹಾಕಿದ್ದ ಹ್ಯಾರಿಂಗ್ಟನ್ ಅನರ್ಹರಾದರು. ತಿಳಿಯಲಾಗದ ಸಂಗತಿಗೆ ಇಂಥ ಶಿಕ್ಷೆ ಸರಿಯೇ ಎಂಬ ಪ್ರಶ್ನೆ ಎದ್ದಿತು. ಅದೇ ಏಪ್ರಿಲ್‌ನಲ್ಲಿ ನಿಯಮ ಸಂಸ್ಥೆಗಳು ವ್ಯಾಖ್ಯಾನವನ್ನು ಪರಿಷ್ಕರಿಸಿ, ಆಟಗಾರನಿಗೆ ಸಂಗತಿ ತಿಳಿದಿರಲು ಸಾಧ್ಯವಿರದಿದ್ದರೆ ಅನರ್ಹತೆಯನ್ನು ಮನ್ನಾ ಮಾಡುವ ಅಧಿಕಾರವನ್ನು ಸಮಿತಿಗೆ ಕೊಟ್ಟವು.

ಬಿಕ್ಕಟ್ಟು ತುದಿ ಮುಟ್ಟಿದ್ದು 2017ರಲ್ಲಿ. ಕ್ಯಾಲಿಫೋರ್ನಿಯಾದ ಎಎನ್‌ಎ ಇನ್‌ಸ್ಪಿರೇಷನ್‌ನಲ್ಲಿ ಮುನ್ನಡೆಯಲ್ಲಿದ್ದ ಲೆಕ್ಸಿ ಥಾಂಪ್ಸನ್ ಅವರನ್ನು ಭಾನುವಾರ ಸುತ್ತಿನ ನಡುವೆಯೇ ಅಧಿಕಾರಿಗಳು ತಡೆದು, ಶನಿವಾರ ಹದಿನೇಳನೆಯ ಗ್ರೀನ್‌ನಲ್ಲಿ ಅವರು ಚೆಂಡನ್ನು ಮೂಲ ಸ್ಥಳದಿಂದ ತುಸು ಆಚೆ ಇಟ್ಟಿದ್ದರೆಂದು ತಿಳಿಸಿದರು. ಸುದ್ದಿಯ ಮೂಲ ವೀಕ್ಷಕರೊಬ್ಬರ ಇಮೇಲ್. ತಪ್ಪು ಜಾಗದಿಂದ ಆಡಿದ್ದಕ್ಕೆ ಎರಡು, ತಪ್ಪು ಅಂಕಪಟ್ಟಿಗೆ ಎರಡು, ಒಟ್ಟು ನಾಲ್ಕು ಹೊಡೆತಗಳ ದಂಡ ಬಿತ್ತು. ಚೇತರಿಸಿಕೊಂಡು ಪ್ಲೇಆಫ್ ತಲುಪಿದ ಥಾಂಪ್ಸನ್ ಅಲ್ಲಿ ರ‍್ಯು ಸೊ ಯಾನ್ ಎದುರು ಸೋತರು.

ಆ ತಿಂಗಳಲ್ಲೇ ಹೊಸ ವ್ಯಾಖ್ಯಾನ ಬಂತು. ಬರಿಗಣ್ಣಿಗೆ ಕಾಣದ್ದನ್ನು ವಿಡಿಯೊ ತೋರಿಸಿದರೂ ದಂಡವಿಲ್ಲ. ಜಾಗ, ದೂರ, ದಿಕ್ಕುಗಳನ್ನು ಅಂದಾಜಿಸುವಾಗ ಆಟಗಾರ ವಿವೇಕದಿಂದ ಸಾಧ್ಯವಾದಷ್ಟು ಪ್ರಯತ್ನಿಸಿದ್ದರೆ ಆ ತೀರ್ಮಾನ ನಂತರ ತಪ್ಪೆಂದು ಕಂಡರೂ ನಿಲ್ಲುತ್ತದೆ. 2018ರಿಂದ ಪ್ರಮುಖ ವೃತ್ತಿಪರ ಟೂರ್ನಿಗಳಲ್ಲಿ ವೀಕ್ಷಕರ ದೂರು ಸ್ವೀಕರಿಸುವುದೂ ನಿಂತಿತು.

2019ರ ಪರಿಷ್ಕರಣೆ ಮತ್ತು ಉಳಿದ ತೊಡಕುಗಳು

ಅರುವತ್ತು ವರ್ಷಗಳಲ್ಲಿ ಆಗದಷ್ಟು ದೊಡ್ಡ ಪರಿಷ್ಕರಣೆ 2019ರಲ್ಲಿ ಜಾರಿಗೆ ಬಂತು. 34 ನಿಯಮಗಳು 24ಕ್ಕೆ ಇಳಿದವು, ಚೆಂಡು ಹುಡುಕುವ ಅವಧಿ ಐದರಿಂದ ಮೂರು ನಿಮಿಷವಾಯಿತು, ಡ್ರಾಪ್ ಭುಜದ ಬದಲು ಮೊಣಕಾಲಿನ ಎತ್ತರದಿಂದ ಎಂದಾಯಿತು. ಗ್ರೀನ್ ಮೇಲೆ ಆಕಸ್ಮಿಕವಾಗಿ ಚೆಂಡು ಕದಲಿದರೆ ದಂಡವಿಲ್ಲ ಎಂಬುದೂ ನಿಯಮದೊಳಕ್ಕೆ ಸೇರಿತು. 2016ರ ಯುಎಸ್ ಓಪನ್‌ನಲ್ಲಿ ಡಸ್ಟಿನ್ ಜಾನ್ಸನ್ ದಂಡವಿದೆಯೋ ಇಲ್ಲವೋ ತಿಳಿಯದೆ ಕೊನೆಯ ಏಳು ಹೋಲ್‌ಗಳನ್ನು ಆಡಬೇಕಾಗಿ ಬಂದದ್ದು ಇದರ ಹಿನ್ನೆಲೆಯಲ್ಲಿತ್ತು. ವಿವೇಕಯುತ ತೀರ್ಮಾನಕ್ಕೆ ಮನ್ನಣೆ ಕೊಡುವ ತತ್ತ್ವ ಈಗ ಪ್ರತ್ಯೇಕ ವ್ಯಾಖ್ಯಾನವಾಗಿ ಉಳಿಯದೆ ಮೊದಲ ನಿಯಮದ ಭಾಗವಾಯಿತು.

ಹೊಸ ಪಠ್ಯಕ್ಕೂ ಕೂಡಲೇ ಪರೀಕ್ಷೆ ಎದುರಾಯಿತು. 2019ರ ಫೀನಿಕ್ಸ್ ಓಪನ್‌ನ ಕೊನೆಯ ದಿನ ರಿಕಿ ಫೌಲರ್ ಅವರ ಚೆಂಡು ನೀರಿಗೆ ಬಿತ್ತು. ದಂಡ ತೆತ್ತು ಡ್ರಾಪ್ ಮಾಡಿ, ಚೆಂಡನ್ನು ನಿಯಮದಂತೆ ನೆಲೆಗೊಳಿಸಿ, ಗ್ರೀನ್ ನೋಡಲು ಹೋದರು. ಅಷ್ಟರಲ್ಲಿ ಚೆಂಡು ತಾನಾಗಿಯೇ ಉರುಳಿ ಮತ್ತೆ ನೀರು ಸೇರಿತು. ನಿಸರ್ಗದ ಶಕ್ತಿಯಿಂದ ಸರಿದ ಚೆಂಡು ಹೊಸ ಜಾಗದಲ್ಲೇ ಆಟದಲ್ಲಿರುತ್ತದೆ ಎಂಬ ನಿಯಮದಂತೆ ಇನ್ನೊಂದು ದಂಡ ಬಿತ್ತು, ಆದರೂ ಫೌಲರ್ ಪ್ರಶಸ್ತಿ ಗೆದ್ದರು. 2023ರ ತಿದ್ದುಪಡಿ ಇಂಥ ಪ್ರಸಂಗಕ್ಕೆ ವಿನಾಯಿತಿ ಸೇರಿಸಿತು. ಡ್ರಾಪ್ ಮಾಡಿದ ಮೇಲೆ ಚೆಂಡು ತಾನಾಗಿ ಮೈದಾನದ ಬೇರೊಂದು ವಲಯಕ್ಕೆ ಉರುಳಿದರೆ ಈಗ ದಂಡವಿಲ್ಲದೆ ಮರಳಿ ಇಡಬೇಕು.

ಕಣ್ಣಿಗೆ ಕಂಡದ್ದನ್ನೇ ತಪ್ಪಾಗಿ ಅರ್ಥೈಸಿಕೊಂಡಾಗ ಮಾತ್ರ ಹಳೆಯ ಕಠಿಣತೆ ಉಳಿದಿದೆ. 2010ರ ಪಿಜಿಎ ಚಾಂಪಿಯನ್‌ಶಿಪ್‌ನ ಕೊನೆಯ ಹೋಲ್‌ನಲ್ಲಿ ಇದೇ ಡಸ್ಟಿನ್ ಜಾನ್ಸನ್, ಪ್ರೇಕ್ಷಕರು ತುಳಿದಾಡಿದ್ದ ಮರಳಿನ ತುಂಡುನೆಲದಲ್ಲಿ ಕೋಲನ್ನು ಊರಿದರು. ವಿಸ್ಲಿಂಗ್ ಸ್ಟ್ರೇಟ್ಸ್ ಮೈದಾನದ ಇಂಥ ಮರಳೆಲ್ಲ ಬಂಕರ್ ಎಂದೇ ಲೆಕ್ಕ ಎಂದು ಸ್ಥಳೀಯ ನಿಯಮದ ಸೂಚನೆಯಲ್ಲಿ ಮೊದಲೇ ತಿಳಿಸಲಾಗಿತ್ತು. ಎರಡು ಹೊಡೆತಗಳ ದಂಡದಿಂದ ಅವರು ಪ್ಲೇಆಫ್ ಕಳೆದುಕೊಂಡರು, ಮಾರ್ಟಿನ್ ಕೈಮರ್ ಪ್ರಶಸ್ತಿ ಪಡೆದರು. ಬಂಕರ್‌ನಲ್ಲಿ ಚೆಂಡಿನ ಹಿಂದೆ ಕೋಲೂರುವುದು ಇಂದಿನ ನಿಯಮದಲ್ಲೂ ದಂಡಾರ್ಹವೇ. ಕಾಣದ್ದನ್ನು ಕ್ಷಮಿಸುವ 2017ರ ತತ್ತ್ವ, ಓದಬೇಕಾದದ್ದನ್ನು ಓದದವರಿಗೆ ಅನ್ವಯಿಸುವುದಿಲ್ಲ. ಸದ್ಯದ ವ್ಯಾಖ್ಯಾನಕಾರರು ಗೆರೆ ಎಳೆದಿರುವುದು ಇವೆರಡರ ನಡುವೆ. ಮುಂದಿನ ತಿದ್ದುಪಡಿಗಳ ಚರ್ಚೆಯೂ ಈ ಗೆರೆಯ ಸುತ್ತಲೇ ನಡೆಯುವ ಸಾಧ್ಯತೆ ಹೆಚ್ಚು.