ನೈಟ್‌ಕ್ರಾಲರ್ (ಚಲನಚಿತ್ರ)

ನೈಟ್‌ಕ್ರಾಲರ್ 2014ರಲ್ಲಿ ತೆರೆಕಂಡ ಅಮೆರಿಕದ ಥ್ರಿಲ್ಲರ್ ಚಿತ್ರ. ಬರೆದು ನಿರ್ದೇಶಿಸಿದವರು ಡ್ಯಾನ್ ಗಿಲ್ರಾಯ್. ಚಿತ್ರಕಥೆಗಾರರಾಗಿದ್ದ ಅವರು ನಿರ್ದೇಶಿಸಿದ ಮೊದಲ ಸಿನಿಮಾ ಇದು. ಲಾಸ್ ಏಂಜಲೀಸ್‌ನಲ್ಲಿ ರಾತ್ರಿಯಿಡೀ ಪೊಲೀಸರ ವೈರ್‌ಲೆಸ್ ಮಾತಿಗೆ ಕಿವಿಗೊಟ್ಟು, ಅಪಘಾತ, ಕೊಲೆ ನಡೆದಲ್ಲಿಗೆ ಓಡಿ, ದೃಶ್ಯಗಳನ್ನು ಟಿವಿ ವಾಹಿನಿಗಳಿಗೆ ಮಾರುವ ಸ್ಟ್ರಿಂಗರ್‌ಗಳ ಲೋಕ ಇದರ ವಸ್ತು.

ನಾಯಕ ಲೂ ಬ್ಲೂಮ್ (ಜೇಕ್ ಜಿಲೆನ್‌ಹಾಲ್) ತಾಮ್ರದ ತಂತಿ, ಬೇಲಿ ಕದ್ದು ಗುಜರಿಗೆ ಹಾಕುವವನು. ಚೌಕಾಸಿ ಮಾಡಿ ಮಾಲು ಕೊಂಡ ಮಾಲೀಕ, ಇವನು ಕೆಲಸ ಕೇಳಿದಾಗ ಮಾತ್ರ ಕಳ್ಳನಿಗೆ ಕೆಲಸವಿಲ್ಲ ಎನ್ನುತ್ತಾನೆ. ಚಿತ್ರದ ಮುಂದಿನ ವ್ಯವಹಾರವೆಲ್ಲ ಇದೇ ಜಾಡಿನದು: ಮಾಲು ಬೇಕು, ಅದು ಬಂದ ದಾರಿಯ ವಿಚಾರ ಬೇಡ.

ತಾನೂ ಸ್ಟ್ರಿಂಗರ್ ಆಗಲು, ಕದ್ದ ಸೈಕಲ್ ಕೊಟ್ಟು ಲೂ ಒಂದು ಕ್ಯಾಮೆರಾ ಮತ್ತು ಪೊಲೀಸ್ ರೇಡಿಯೊ ಸ್ಕ್ಯಾನರ್ ಪಡೆಯುತ್ತಾನೆ. ಅವನ ದೃಶ್ಯಗಳಿಗೆ ಗಿರಾಕಿ ನೀನಾ (ರೆನೆ ರುಸೊ), ರೇಟಿಂಗ್ ಕುಸಿದ ವಾಹಿನಿಯೊಂದರ ಸುದ್ದಿ ಮುಖ್ಯಸ್ಥೆ. ಅವಳಿಗೆ ಬೇಕಾದುದು ಉಳ್ಳವರ ಬಡಾವಣೆಗೆ ನುಗ್ಗುವ ಅಪರಾಧ. ಬಡವರ ಕೇರಿಯ ಕೊಲೆಗೆ ಅಲ್ಲಿ ಬೆಲೆಯಿಲ್ಲ. ಲೂ ಬೇಗ ಪಳಗುತ್ತಾನೆ. ಗುಂಡು ಹಾರಿದ ಮನೆಯೊಳಗೆ ನುಸುಳಿ, ಫ್ರಿಜ್ ಮೇಲಿನ ಕುಟುಂಬದ ಫೋಟೊಗಳನ್ನು ಗುಂಡಿನ ತೂತುಗಳ ಪಕ್ಕಕ್ಕೆ ಸರಿಸಿಡುತ್ತಾನೆ. ಇನ್ನೊಂದು ರಾತ್ರಿ, ಪೊಲೀಸರು ಬರುವ ಮುನ್ನ, ಅಪಘಾತದಲ್ಲಿ ಸತ್ತವನ ದೇಹವನ್ನೇ ಫ್ರೇಮಿಗೆ ಹೊಂದುವಂತೆ ಎಳೆಯುತ್ತಾನೆ. ಗ್ರನಾಡಾ ಹಿಲ್ಸ್‌ನ ಮನೆಯೊಂದರಲ್ಲಿ ಕೊಲೆಗಳಾದಾಗ ಹಂತಕರ ಮುಖ ಅವನ ಕ್ಯಾಮೆರಾದಲ್ಲಿ ಸೆರೆಯಾಗಿರುತ್ತದೆ. ಆ ಭಾಗವನ್ನು ಪೊಲೀಸರಿಗೆ ಕೊಡದೆ ಬಚ್ಚಿಟ್ಟು, ಹಂತಕರ ಬಂಧನದ ಗಳಿಗೆಯನ್ನೂ ತಾನೇ ಹೊಂಚುತ್ತಾನೆ. ಬಂಧನದ ವೇಳೆ ನಡೆದ ಗುಂಡಿನ ಕಾಳಗದ ಬೆನ್ನಿಗೇ ಅವನ ಸಹಾಯಕ ರಿಕ್ (ರಿಜ್ ಅಹ್ಮದ್) ಸಾಯುತ್ತಾನೆ. ಆ ಸಾವೂ ಮಾರಾಟವಾಗುತ್ತದೆ. ಲೂಗೆ ಶಿಕ್ಷೆಯಾಗುವುದಿಲ್ಲ. ಕೊನೆಗೆ ಅವನ ಕಂಪನಿಗೆ ಎರಡು ವ್ಯಾನು, ಹೊಸ ಹುಡುಗರು ಸೇರಿಕೊಳ್ಳುತ್ತಾರೆ.

ನ್ಯೂಯಾರ್ಕಿನಲ್ಲಿ 1930–40ರ ದಶಕಗಳಲ್ಲಿ ಪೊಲೀಸ್ ರೇಡಿಯೊ ಕೇಳುತ್ತ ಅಪರಾಧದ ಫೋಟೊ ತೆಗೆಯುತ್ತಿದ್ದ ‘ವೀಜೀ’ ಎಂಬ ಅಡ್ಡಹೆಸರಿನ ಆರ್ಥರ್ ಫೆಲ್ಲಿಗ್ ಬಗ್ಗೆ ಸಿನಿಮಾ ಮಾಡುವುದು ಗಿಲ್ರಾಯ್ ಅವರ ಮೊದಲ ಯೋಚನೆಯಾಗಿತ್ತು. ಲಾಸ್ ಏಂಜಲೀಸ್‌ನ ಸ್ಟ್ರಿಂಗರ್‌ಗಳ ಪರಿಚಯವಾದ ಮೇಲೆ ಕಥೆ ಈ ಕಾಲಕ್ಕೆ ಬಂತು.

ಚಿತ್ರದಲ್ಲಿ ಗಿಲ್ರಾಯ್ ಮನೆಯವರೇ ಹಲವರಿದ್ದಾರೆ. ಗಿಲ್ರಾಯ್ ಅವರಿಗೆ ರುಸೊ ಪತ್ನಿ, ಸಂಕಲನಕಾರ ಜಾನ್ ಅವಳಿ ಸಹೋದರ, ನಿರ್ಮಾಪಕರಲ್ಲೊಬ್ಬರಾದ ಟೋನಿ ಅಣ್ಣ. ಲೂನನ್ನು ಹಸಿದ ಕಯೋಟಿಯಂತೆ (ಅಮೆರಿಕದ ಸಣ್ಣ ತೋಳ) ಕಲ್ಪಿಸಿಕೊಂಡ ಜಿಲೆನ್‌ಹಾಲ್ ಸುಮಾರು 13 ಕಿಲೊ ತೂಕ ಇಳಿಸಿದರು. ಛಾಯಾಗ್ರಾಹಕ ರಾಬರ್ಟ್ ಎಲ್ಸ್‌ವಿಟ್ ರಾತ್ರಿಯ ದೃಶ್ಯಗಳನ್ನು ಡಿಜಿಟಲ್‌ನಲ್ಲಿ, ಹಗಲಿನವನ್ನು ಫಿಲ್ಮ್‌ನಲ್ಲಿ ತೆಗೆದರು. ಜೇಮ್ಸ್ ನ್ಯೂಟನ್ ಹೋವರ್ಡ್ ಅವರ ಸಂಗೀತ ಲೂನನ್ನು ದೂಷಿಸುವ ಗೋಜಿಗೆ ಹೋಗದು. ಹೆಣ ಎಳೆಯುವಾಗಲೂ ಅದು ಗೆದ್ದವನ ಹುರುಪಿನಲ್ಲೇ ಏರುತ್ತದೆ. ಲಾಸ್ ಏಂಜಲೀಸ್‌ನ ನಿಜವಾದ ವಾರ್ತಾವಾಚಕರೂ ತೆರೆಯ ಮೇಲೆ ಬಂದುಹೋಗುತ್ತಾರೆ.

ಸುಮಾರು 85 ಲಕ್ಷ ಡಾಲರ್ ವೆಚ್ಚದ ಚಿತ್ರ ಅದರ ಐದು ಪಟ್ಟಿಗೂ ಹೆಚ್ಚು ಗಳಿಸಿತು. ಮೂಲ ಚಿತ್ರಕಥೆಗೆ ಆಸ್ಕರ್ ನಾಮನಿರ್ದೇಶನ ದೊರೆಯಿತು. ಬಾಫ್ಟಾ, ಗೋಲ್ಡನ್ ಗ್ಲೋಬ್ ಪಟ್ಟಿಗಳಲ್ಲಿದ್ದ ಜಿಲೆನ್‌ಹಾಲ್ ಹೆಸರು ಆಸ್ಕರ್ ಪಟ್ಟಿಯಲ್ಲಿ ಇರಲಿಲ್ಲ. ಗಿಲ್ರಾಯ್, ಜಿಲೆನ್‌ಹಾಲ್, ರುಸೊ ಮತ್ತೆ ಒಂದಾದದ್ದು 2019ರ ‘ವೆಲ್ವೆಟ್ ಬಜ್‌ಸಾ’ದಲ್ಲಿ. ಅದರಲ್ಲಿ ಮಾರಾಟಕ್ಕಿದ್ದದ್ದು ಸತ್ತ ಕಲಾವಿದನೊಬ್ಬನ ಚಿತ್ರಗಳು.