ಒಡಹುಟ್ಟಿದವನ ಮುಖ, ಮಗನ ಬಾಣ

ಯುದ್ಧದ ಕತೆ ಓದುವವನನ್ನು ಉಸಿರು ಬಿಗಿಹಿಡಿದು ಕೂರುವಂತೆ ಮಾಡುವುದು ಹೇಗೆ? ಕೊನೆಯನ್ನು ಬಚ್ಚಿಡುವುದರಿಂದ ಎಂದು ಈಗಿನ ಸಣ್ಣಕತೆ ನಮಗೆ ಕಲಿಸಿದೆ. ಲಿಯಮ್ ಓ'ಫ್ಲಾಹರ್ಟಿಯ 'ದಿ ಸ್ನೈಪರ್' ಇದಕ್ಕೆ ಒಳ್ಳೆಯ ಮಾದರಿ. ಅವನು ಮೊದಲ ಮಹಾಯುದ್ಧದಲ್ಲಿ ಗಾಯಗೊಂಡು ಬಂದವನು. ಐರ್ಲೆಂಡಿನ ಅಂತರ್ಯುದ್ಧ 1922ರ ಜೂನ್‌ನಿಂದ 1923ರ ಮೇವರೆಗೆ ನಡೆಯಿತು. ಕತೆ ಅಚ್ಚಾದದ್ದು 1923ರ ಜನವರಿಯಲ್ಲಿ, ಡಬ್ಲಿನ್ನಿನಲ್ಲಿ ನೆತ್ತರು ಇನ್ನೂ ಒಣಗದಿದ್ದಾಗ.

ಮಾಳಿಗೆಯ ಮೇಲೆ ಬಂದೂಕು ಹಿಡಿದ ಒಬ್ಬ ತರುಣ. ಸಿಗರೇಟು ಹಚ್ಚಿದರೆ ಕಿಡಿ ಕಂಡು ಗುಂಡು ಬಂದೀತು. ಎದುರು ಮಾಳಿಗೆಯ ವೈರಿಗೆ ಹೆಸರಿಲ್ಲ, ಮುಖವಿಲ್ಲ. ತೋಳಿಗೆ ಗುಂಡು ತಗುಲಿದ ಮೇಲೆ ತರುಣ ಬಂದೂಕಿನ ತುದಿಗೆ ಟೋಪಿ ಸಿಕ್ಕಿಸಿ, ಸತ್ತಂತೆ ನಟಿಸಿ, ವೈರಿಯನ್ನು ಹೊಡೆದುರುಳಿಸುತ್ತಾನೆ. ಕೆಳಗಿಳಿದು ಹೆಣವನ್ನು ಹೊರಳಿಸಿದರೆ ಕಾಣುವುದು ಒಡಹುಟ್ಟಿದವನ ಮುಖ. ಕತೆ ಅಲ್ಲಿಗೆ ಮುಗಿಯಿತು. ಬಿಗಿಯಾದ ಕಟ್ಟಡವೇ, ಆದರೆ ಎರಡನೆಯ ಸಲ ಓದುವಾಗ ಆ ಪೆಟ್ಟು ಹಾಗೆ ತಾಗುವುದಿಲ್ಲ.

ಇದನ್ನೇ ನಮ್ಮ ಲಕ್ಷ್ಮೀಶ ತಿರುವುಮುರುವಾಗಿ ಮಾಡಿದ್ದಾನೆ. ಇವನು 16ನೆಯ ಶತಮಾನದವನೆಂದೂ ಚಿಕ್ಕಮಗಳೂರು ಸೀಮೆಯ ದೇವನೂರಿನವನೆಂದೂ ಹಲವು ವಿದ್ವಾಂಸರ ಮತ. ಜೈಮಿನಿ ಭಾರತದಲ್ಲಿ ಯಾಗದ ಕುದುರೆ ಮಣಿಪುರಕ್ಕೆ ಬರುತ್ತದೆ. ಅದನ್ನು ಕಟ್ಟಿದ ಬಭ್ರುವಾಹನ ಅರ್ಜುನನ ಮಗನೆಂಬುದು ನಮಗೆ ಮೊದಲೇ ಗೊತ್ತು. ಅವನಿಗೂ ಗೊತ್ತಾಗುತ್ತದೆ, ಕಾಣಿಕೆಯೊಡನೆ ಬಂದು ತಂದೆಯ ಕಾಲಿಗೆ ತಲೆಯಿಡುತ್ತಾನೆ. ಅರ್ಜುನ ಆ ತಲೆಯನ್ನು ಒದೆಯುತ್ತಾನೆ. ನನ್ನ ಮಗನೆಂದರೆ ಅಭಿಮನ್ಯು, ನೀನಲ್ಲ ಎಂದು ತಾಯನ್ನೂ ಹಳಿಯುತ್ತಾನೆ.

ಹಿಂದೊಂದು ಆಷಾಢದಲ್ಲಿ ಅತ್ತಿಗುಂಡಿಯ ಬಂಧುಗಳ ಮನೆಯಲ್ಲಿ ಒಂದು ವಾರ ಇದ್ದೆ. ಬಾಬಾಬುಡನ್ ಗಿರಿಯ ದಾರಿಯ ಆ ಊರಿನಲ್ಲಿ ಮಂಜು ಕವಿದರೆ ಅಂಗಳದಾಚೆಯ ಕಾಫಿಗಿಡವೂ ಕಾಣದು. ಸಂಜೆ ಜೈಮಿನಿಯ ವಾಚನ. ಒಂದು ರಾತ್ರಿ ಓದು ಈ ಒದೆತದ ಬಳಿ ನಿಂತಿತು. ಕತೆಯನ್ನು ಎಷ್ಟೋ ಸಲ ಕೇಳಿದ್ದ ಅಜ್ಜಿ, "ಈ ಸಲನಾದ್ರೂ ಆ ಅರ್ಜುನ ಬಾಯ್ಮುಚ್ಕೊಂಡು ಕುದುರೆ ಹೊಡ್ಕೊಂಡು ಹೋಗಬಾರ್ದೇನೋ!" ಎಂದರು. ಕೊನೆ ಗೊತ್ತಿದ್ದೂ ಅದು ತಪ್ಪಲೆಂದು ಹಂಬಲಿಸುವ ಆ ಕಾತರವನ್ನು ಡಬ್ಲಿನ್ನಿನ ಮಾಳಿಗೆ ಕೊಡಲಾರದು ಎಂದು ನನಗನ್ನಿಸಿತು.

ಕವಿಯ ಜಾಣತನ ಇನ್ನೂ ಇದೆ. ಕಾಳಗದ ನಡುವೆ ಜೈಮಿನಿ ಮುನಿ ರಾಮನೂ ಕುಶನೂ ಕಾದಿದ ಹೋಲಿಕೆ ಎತ್ತುತ್ತಾನೆ. ಅದೇನೆಂದು ಜನಮೇಜಯ ಕೇಳಿದ್ದೇ ತಡ, ಕತೆ ಅಯೋಧ್ಯೆಗೆ ಹೊರಳುತ್ತದೆ. ಸೀತೆಯನ್ನು ಕಾಡಿಗೆ ಬಿಟ್ಟದ್ದು, ಕುಶಲವರು ಹುಟ್ಟಿದ್ದು, ಕಾದಿದ್ದು ಎಲ್ಲ ಮುಗಿಯುವ ತನಕ ಅರ್ಜುನನ ಗತಿ ತೂಗಾಡುತ್ತಿರಬೇಕು. ಇದು ಬರಿಯ ವಿಳಂಬವೂ ಅಲ್ಲ: ಅಲ್ಲಿಯೂ ತಂದೆಗೆ ಎದುರಾದವರು ಮಕ್ಕಳೇ. ಸುಧನ್ವನ ಕತೆಯಲ್ಲಿ ಉಪಾಯ ಬೇರೆ. ಮೂರೇ ಬಾಣಗಳಲ್ಲಿ ಕೊಲ್ಲುವೆನೆಂದು ಅರ್ಜುನ, ಮೂರನ್ನೂ ಕಡಿಯುವೆನೆಂದು ಸುಧನ್ವ. ಕೇಳುವವರು ಬೆರಳು ಮಡಿಸಿ ಎಣಿಸಬೇಕು.

ಕೊನೆಗೆ ಮಗನ ಬಾಣಕ್ಕೆ ಅರ್ಜುನನ ತಲೆ ಉರುಳುತ್ತದೆ. ಬದುಕಿಸಲು ನಾಗಲೋಕದಿಂದ ಮಣಿ ಬರಬೇಕು. ಬರುವಷ್ಟರಲ್ಲಿ ತಲೆಯೇ ಕಳವು! ಇಲ್ಲಿ ಕವಿ ತುಸು ಹೆಚ್ಚಾಗಿಯೇ ಎಳೆದನೆನ್ನಬೇಕು. ಅಂತೂ ಕೃಷ್ಣ ಬಂದು ಅರ್ಜುನ ಎದ್ದಾಗ ಕುದುರೆ ಮತ್ತೆ ಹೊರಡುತ್ತದೆ. ಮುಂದೆ ಮಯೂರಧ್ವಜನ ನಾಡಿದೆ, ಚಂದ್ರಹಾಸನ ನಾಡಿದೆ.